ಕಾರಾಪುರದ ಮಾವುತನ ಮಗ ಹಾಲಿವುಡ್‌ನಲ್ಲಿ



ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರ ಎಂದೊಡನೆ ಇಂದು ಕಬಿನಿಯ ಹಿನ್ನೀರು, ಸಫಾರಿ, ಪ್ರವಾಸಿಗರ ಜೀಪುಗಳು ನೆನಪಾಗುತ್ತವೆ. ಈ ಊರಿನ ಮಾವುತನ ಮಗನೊಬ್ಬ ಕಾಲು ಶತಮಾನ ಕಾಲ ಇಂಗ್ಲೆಂಡ್ ಮತ್ತು ಅಮೆರಿಕದ ಚಿತ್ರಗಳಲ್ಲಿ ದುಡಿದ. ಆತನೇ ಸಾಬು.

1924ರಲ್ಲಿ ಹುಟ್ಟಿದ ಸಾಬುವಿನ ತಂದೆ ಮಹಾರಾಜರ ಆನೆಗಳ ಮಾವುತ. ಬಾಲ್ಯದಲ್ಲಿಯೇ ತಂದೆತಾಯಿಯನ್ನು ಕಳೆದುಕೊಂಡ ಹುಡುಗನಿಗೆ ಆನೆಲಾಯವೇ ಮನೆ, ಅದೇ ಪಾಠಶಾಲೆ. 1935ರಲ್ಲಿ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ, ಕಿಪ್ಲಿಂಗ್‌ನ ಕಥೆಯೊಂದನ್ನು ಚಿತ್ರಿಸಲು ಮೈಸೂರಿಗೆ ಬಂದರು. ನಾಯಕನಾಗಬಲ್ಲ ಬಾಲಕನ ಹುಡುಕಾಟ ನಡೆಯಿತು. ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಕಣ್ಣಿಗೆ ಬಿದ್ದವನು ಈ ಸಾಬು.

ಉಳಿದ ಭಾಗಗಳನ್ನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಜೋಲ್ಟನ್ ಕೋರ್ಡಾ ಚಿತ್ರಿಸಿದರು. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು. ಇಬ್ಬರು ನಿರ್ದೇಶಕರಿಗೂ ಆ ವರ್ಷದ ವೆನಿಸ್ ಚಿತ್ರೋತ್ಸವದ ಪ್ರಶಸ್ತಿ ಬಂತು. ಆನೆಯ ಕತ್ತಿನ ಮೇಲೆ ಕೂತು, ಕಿವಿಯ ಹಿಂದೆ ಕಾಲ್ಬೆರಳು ಒತ್ತಿ ಅದನ್ನು ನಡೆಸುವುದನ್ನು ಹುಡುಗನಿಗೆ ಯಾವ ನಿರ್ದೇಶಕನೂ ಕಲಿಸಬೇಕಾಗಿರಲಿಲ್ಲ. ಇಂದಿಗೂ ದಸರೆಯ ಗಜಪಯಣ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಹೊರಡುವಾಗ ಕಾಣುವುದು ಇದೇ ವಿದ್ಯೆ. ಜಗತ್ತು ನಟನೆಯೆಂದು ಮೆಚ್ಚಿದ್ದು ಒಂದು ಕಸುಬಿನ ನೈಪುಣ್ಯವನ್ನು.

ಆದರೆ ಅದೇ ಅವನಿಗೆ ಕಟ್ಟಿದ ಬೇಲಿಯೂ ಆಯಿತು. 1938ರ ‘ದಿ ಡ್ರಮ್’ ಬ್ರಿಟಿಷ್ ಸಾಮ್ರಾಜ್ಯವನ್ನು ಹೊಗಳುವ ಚಿತ್ರ. ಬೊಂಬಾಯಿಯಲ್ಲಿ ಅದರ ವಿರುದ್ಧ ಪ್ರತಿಭಟನೆಗಳಾದವು. ಹದಿನಾಲ್ಕರ ಬಾಲಕ ಪರದೇಶದ ಕಂಪನಿಯ ಒಪ್ಪಂದದಲ್ಲಿದ್ದ; ಕಥೆಯ ಆಯ್ಕೆ ಅವನದಾಗಿರಲಿಲ್ಲ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಮೂರು ಆಸ್ಕರ್ ಗಳಿಸಿತು. 1942ರ ‘ಜಂಗಲ್ ಬುಕ್’ನಲ್ಲಿ ಅವನೇ ಮೌಗ್ಲಿ. ಕೀರ್ತಿಯ ಶಿಖರ ಇದು.

ಆಮೇಲೆ ಯೂನಿವರ್ಸಲ್ ಸಂಸ್ಥೆಯ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಚಿತ್ರಗಳು ಬಂದವು. ಅವುಗಳಲ್ಲಿ ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮಾಂಟೆಜ್. ಸಾಬು ನಾಯಕನ ಚುರುಕು ಗೆಳೆಯ. ಮರುಭೂಮಿಯಾಗಲಿ, ದ್ವೀಪವಾಗಲಿ, ಅವನ ಪಾತ್ರ ಬದಲಾಗಲಿಲ್ಲ. ಪೋಷಕ ನಟನ ಪಾಡೇ ಇದು: ಒಮ್ಮೆ ಮೆಚ್ಚಿಗೆಯಾದ ಮುಖವನ್ನು ಚಿತ್ರೋದ್ಯಮ ಮತ್ತೆ ಮತ್ತೆ ಬಾಡಿಗೆಗೆ ಪಡೆಯುತ್ತದೆ. ಬಿಳಿಯ ನಟನಿಗೆ ಆ ಬೇಲಿ ದಾಟುವ ಅವಕಾಶ ಆಗೀಗಲಾದರೂ ಇತ್ತು. 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಸಾಬು ಭಾರತದ ಯುವರಾಜ, ಎದುರಿನ ಭಾರತೀಯ ಹುಡುಗಿಯ ಪಾತ್ರಕ್ಕೆ ಮಾತ್ರ ಇಂಗ್ಲಿಷ್ ನಟಿ ಜೀನ್ ಸಿಮನ್ಸ್‌ಗೆ ಬಣ್ಣ ಬಳಿಯಲಾಗಿತ್ತು. ಬಿಳಿಯರು ಭಾರತೀಯರಾಗಬಹುದಿತ್ತು, ಸಾಬು ಬೇರೇನೂ ಆಗುವಂತಿರಲಿಲ್ಲ.

ತೆರೆಯ ಹೊರಗೆ ಅವನ ಪಾತ್ರ ದೊಡ್ಡದಿತ್ತು. 1944ರಲ್ಲಿ ಅಮೆರಿಕದ ಪೌರತ್ವ ಪಡೆದ ಸಾಬು, ಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಗಳಿಸಿದ. ಮರಳಿದಾಗ ಕಾದಿದ್ದುದು ಅದೇ ಕಾಡು, ಅದೇ ಹುಲಿ. 1957ರ ‘ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್’, ಟೆಲಿವಿಷನ್ ಧಾರಾವಾಹಿಗೆಂದು ತಯಾರಿಸಿದ ತುಣುಕುಗಳನ್ನು ಜೋಡಿಸಿದ ಚಿತ್ರ.

ತಾಯ್ನಾಡಿನ ಒಂದು ಅವಕಾಶವೂ ತಪ್ಪಿತು. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜೂ ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬುವನ್ನು. ಅದು ಕೈಗೂಡದೆ ಆ ಪಾತ್ರ ಸುನಿಲ್ ದತ್ತ್ ಅವರ ಪಾಲಾಯಿತು. ಭಾರತೀಯ ಚಿತ್ರದಲ್ಲಿ ಅವನು ಎಂದೂ ಕಾಣಿಸಿಕೊಳ್ಳಲಿಲ್ಲ.

1963ರ ಡಿಸೆಂಬರ್ 2ರಂದು ಲಾಸ್ ಏಂಜಲೀಸ್‌ನಲ್ಲಿ ಹೃದಯಾಘಾತದಿಂದ ಸಾಬು ತೀರಿಕೊಂಡಾಗ ವಯಸ್ಸು 39 ಮಾತ್ರ. ಮರುವರ್ಷ ಬಂದ ಕಡೆಯ ಚಿತ್ರ ‘ಎ ಟೈಗರ್ ವಾಕ್ಸ್’ನಲ್ಲಿಯೂ ಅವನದು ಸರ್ಕಸ್ ಹುಲಿಯನ್ನು ನೋಡಿಕೊಳ್ಳುವ ಕೆಲಸ!

ಕಾಕನಕೋಟೆಯ ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಬಿನಿ ಅಣೆಕಟ್ಟೆಯ ನೀರಿನಲ್ಲಿ ಆ ನೆಲದ ಬಹುಭಾಗ ಮುಳುಗಿತು. ‘ಎಲಿಫೆಂಟ್ ಬಾಯ್’ನಲ್ಲಿ ಅಂದಿನ ಕಾಡಾನೆಗಳು, ಖೆಡ್ಡಾ, ಮಾವುತರ ಕಸುಬು ದಾಖಲಾಗಿ ಉಳಿದಿವೆ. ಅದನ್ನು ನೋಡುವವರು ಆನೆಯನ್ನು ಮಾತ್ರವಲ್ಲ, ಅದರ ಮೇಲಿರುವ ನಮ್ಮೂರ ಹುಡುಗನನ್ನೂ ಹೆಸರು ಹಿಡಿದು ಗುರುತಿಸುವಂತಾಗಬೇಕು.