ಬೆಳ್ಳಿಯ ಕುದುರೆ, ಹೆಸರಿಲ್ಲದ ಕೈ



ಕುದುರೆ ಪಂದ್ಯದಲ್ಲಿ ಗೆದ್ದವರಿಗೆ ಕೊಡುವ ಬಹುಮಾನವನ್ನು 'ಕಪ್' ಎನ್ನುವುದು ವಾಡಿಕೆ. ಆದರೆ ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, ಎಂದರೆ 1837ರಿಂದ 1901ರವರೆಗೆ, ಇಂಗ್ಲೆಂಡಿನಲ್ಲಿ ತಯಾರಾದ ಕೆಲವು 'ಕಪ್'ಗಳಲ್ಲಿ ಒಂದು ಗುಟುಕು ನೀರೂ ನಿಲ್ಲದು. ಅವು ಬಟ್ಟಲುಗಳಲ್ಲ, ಸವಾರನನ್ನು ಹೊತ್ತ, ಹಿಂಗಾಲ ಮೇಲೆ ಎದ್ದು ನಿಂತ ಬೆಳ್ಳಿಯ ಕುದುರೆಗಳು.

ಈ ಬಹುಮಾನಗಳಿಗೆ ಆಗ ಎಂಥ ಘನತೆ ಇತ್ತು ಎಂಬುದಕ್ಕೆ ಒಂದು ಪ್ರಸಂಗ ಸಾಕು. 1844ರಲ್ಲಿ ರಷ್ಯದ ಚಕ್ರವರ್ತಿ ಒಂದನೆಯ ನಿಕೋಲಾಸ್ ಆಸ್ಕಟ್ ಪಂದ್ಯಕ್ಕೆ ಅತಿಥಿಯಾಗಿ ಬಂದ. ಆ ವರ್ಷ ಗೋಲ್ಡ್ ಕಪ್ ಗೆದ್ದ ಕುದುರೆಗೆ ಇನ್ನೂ ಹೆಸರೇ ಇಟ್ಟಿರಲಿಲ್ಲ. ಅತಿಥಿಯ ಗೌರವಾರ್ಥ ಅದಕ್ಕೆ 'ದಿ ಎಂಪರರ್' ಎಂದು ಹೆಸರಿಟ್ಟರು. ಚಕ್ರವರ್ತಿ ಪ್ರತಿವರ್ಷ ಒಂದು ಬಹುಮಾನ ಕೊಡುವುದಾಗಿ ಹೇಳಿದ. 1845ರಲ್ಲಿ ಅದರ ಮೊದಲ ಬಹುಮಾನವನ್ನು ಗೆದ್ದದ್ದೂ ಅದೇ ಕುದುರೆಯೇ. 1854ರಲ್ಲಿ ಕ್ರಿಮಿಯಾ ಯುದ್ಧದಲ್ಲಿ ಎರಡೂ ದೇಶಗಳು ಎದುರಾಳಿಗಳಾದಾಗ ಆ ಕೊಡುಗೆ ನಿಂತು, ಪಂದ್ಯಕ್ಕೆ ಹಳೆಯ ಹೆಸರೇ ಮರಳಿತು.

ಇಂಥ ಕುದುರೆಗಳನ್ನು ಮಾಡುತ್ತಿದ್ದವರು ಲಂಡನ್ನಿನ ಗೆರಾರ್ಡ್, ಹಂಟ್ ಅಂಡ್ ರಾಸ್ಕೆಲ್ ಮೊದಲಾದ ಸಂಸ್ಥೆಗಳು. ಮೊದಲು ಶಿಲ್ಪಿ ಮಾದರಿ ತಯಾರಿಸುತ್ತಿದ್ದ. ಅದರಿಂದ ಅಚ್ಚು ತೆಗೆದು, ಬಿಡಿ ಭಾಗಗಳನ್ನು ಬೆಳ್ಳಿಯಲ್ಲಿ ಎರಕ ಹೊಯ್ದು ಬೆಸೆಯುತ್ತಿದ್ದರು. ಬಳಿಕ ಕುಸುರಿ ಕೆಲಸಗಾರ ಸಣ್ಣ ಉಳಿ ಹಿಡಿದು ಕೂತು ಕೇಸರದ ಎಳೆ, ಕತ್ತಿನ ನರ, ಜೀನಿನ ಹೊಲಿಗೆಗಳನ್ನು ಮೂಡಿಸುತ್ತಿದ್ದ. ಕುದುರೆಯ ಮೈ ಭಾರ, ಕಾಲು ಸಪೂರ. ಆದ್ದರಿಂದ ಕೆಲವೊಮ್ಮೆ ಹೊಟ್ಟೆಯ ಕೆಳಗೆ ಒಂದು ಮರದ ಮೋಟು ಕಾಣುತ್ತದೆ. ನೋಡುವವರಿಗೆ ಅದು ಅಲಂಕಾರ, ಕುದುರೆಗೆ ಊರುಗೋಲು.

ಇನ್ನು ಬೆಳ್ಳಿಯ ಮೇಲಿನ ಪುಟ್ಟ ಮುದ್ರೆಗಳನ್ನು ಓದೋಣ. ನಡೆಯುವ ಸಿಂಹವಿದ್ದರೆ ಸಾವಿರ ಪಾಲಿನಲ್ಲಿ 925 ಪಾಲು ಶುದ್ಧ ಬೆಳ್ಳಿ ಎಂದರ್ಥ. ಚಿರತೆಯ ತಲೆ ಲಂಡನ್ನಿನ ಗುರುತು. ಒಂದು ಅಕ್ಷರ ವರ್ಷವನ್ನು ಸೂಚಿಸಿದರೆ, ಇನ್ನೊಂದು ಮುದ್ರೆ ಸಂಸ್ಥೆಯದು. ಪೀಠದ ಮೇಲೆ ಪಂದ್ಯದ ಹೆಸರನ್ನೂ ಗೆದ್ದವರ ಹೆಸರನ್ನೂ ಕೆತ್ತಿಸುವುದುಂಟು. ಆದರೆ ಉಳಿ ಹಿಡಿದವನಿಗೆ ಅಲ್ಲಿ ಮುದ್ರೆಯಿಲ್ಲ. ಗೆರಾರ್ಡ್ ಸಂಸ್ಥೆಗೆ ಮಾದರಿಗಳನ್ನು ಮಾಡಿದ ಎಡ್ಮಂಡ್ ಕಾಟರಿಲ್‌ನಂಥ ಕೆಲವರ ಹೆಸರು ಉಳಿದುಬಂದಿದೆ. ಆತನ ಮಾದರಿಗೆ ಜೀವ ತುಂಬಿದ ಕುಸುರಿಗಾರರನ್ನು ಮುದ್ರೆಗಳು ನೆನೆಯುವುದಿಲ್ಲ.

ಅವರ ನೆನಪಿಗೆ ಉಳಿದಿರುವುದು ಕೆಲಸವೊಂದೇ. ಅದೂ ಭದ್ರವಲ್ಲ. ಹಳೆಯ ಬೆಳ್ಳಿಯನ್ನು ಮಾರಲು ಹೋದರೆ ತಕ್ಕಡಿಗೆ ತಿಳಿಯುವುದು ತೂಕ ಮಾತ್ರ ಎಂಬುದು ನಿಮಗೂ ಗೊತ್ತು. ಕರಗಿಸಿದರೆ ಬೆಳ್ಳಿ ಉಳಿಯುತ್ತದೆ, ಕೆಲಸ ಅಳಿಯುತ್ತದೆ. ಕಂಚಿಗಿಂತಲೂ ಬೆಳ್ಳಿಯ ಶಿಲ್ಪಕ್ಕೆ ಈ ಅಪಾಯ ಹೆಚ್ಚು. ಅದರ ಬೆಲೆಯೇ ಅದಕ್ಕೆ ಶತ್ರು.

ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ಇಂಥ ಕುದುರೆ ಎದುರಾದರೆ, ಗೆದ್ದವರ ಹೆಸರನ್ನು ಓದಿ ಮುಂದೆ ಸಾಗಬೇಡಿ. ಗೊರಸಿನ ಅಂಚನ್ನು, ಮೂಗಿನ ಹೊಳ್ಳೆಯನ್ನು ಹತ್ತಿರದಿಂದ ನೋಡಿ. ಹೆಸರಿಲ್ಲದವನ ರುಜು ಇರುವುದು ಅಲ್ಲಿಯೇ.