ಹೊಟ್ಟೆನೋವಿನ ಬೇರು ಹುಡುಕೋಣ



ಇವತ್ತು ಹೊಟ್ಟೆಯ ಮಾತು. ನಾಚಬ್ಯಾಡ್ರಿ, ಕೇಳ್ರಿ.

ನಮ್ಮ ಜತ್ತ, ಅಕ್ಕಲಕೋಟ ಕಡೆ ಕೆಲವರಿಗೆ ತಿಂಗಳುಗಟ್ಟಲೆ ಹೊಟ್ಟೆ ನೋಯುತ್ತದೆ. ಸಂಡಾಸಕ್ಕೆ ಹೋಗಿ ಬಂದರೆ ನೋವು ಇಳಿಯುತ್ತದೆ. ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ಪರೀಕ್ಷೆ ಮಾಡಿಸಿದರೆ ಏನೂ ಕಾಣುವುದಿಲ್ಲ. "ಸುಮ್ನ ನಾಟಕ ಮಾಡತಾಳ" ಅಂತಾರ ಮನೆಯವರು. ಇದು ನಾಟಕ ಅಲ್ಲ. ಡಾಕ್ಟರರು ಇದಕ್ಕೆ ಐ.ಬಿ.ಎಸ್. ಎನ್ನುತ್ತಾರೆ. ಕರುಳಿನಲ್ಲಿ ಹುಣ್ಣು ಇರುವುದಿಲ್ಲ. ಆದರೆ ಕರುಳಿನ ನಡೆ ತಪ್ಪಿರುತ್ತದೆ. ಸಣ್ಣ ಕಾರಣಕ್ಕೂ ನೋಯುತ್ತದೆ. ಇದು ಕ್ಯಾನ್ಸರ್ ಆಗಿ ತಿರುಗುವುದಿಲ್ಲ.

ನೋವು ಬಂದಾಗ ಗುಳಿಗೆ ನುಂಗತೀವಿ. ನಾಲ್ಕು ದಿನಕ್ಕೆ ಮತ್ತೆ ನೋವು. ಹೊಲದಾಗಿನ ಕರಿಕಿಯ ತುದಿ ಕೊಯ್ದರೆ ಮತ್ತೆ ಚಿಗುರತೈತಿ. ಬೇರು ಹುಡುಕಬೇಕು.

ಬೇರು ಎಲ್ಲರಿಗೂ ಒಂದೇ ಅಲ್ಲ. ಒಬ್ಬರಿಗೆ ಹಾಲು ಅರಗೂದಿಲ್ಲ. ಇನ್ನೊಬ್ಬರಿಗೆ ಉಳ್ಳಾಗಡ್ಡಿ, ಗೋಧಿ, ಕಾಳುಗಳಿಂದ ವಾಯು. ಮತ್ತೊಬ್ಬರಿಗೆ ಖಾರ, ಎಣ್ಣಿ, ಮೇಲಿಂದ ಮೇಲೆ ಚಹಾ. ಕೆಲವರಿಗೆ ಕೆಟ್ಟ ನೀರಿನಿಂದ ವಾಂತಿ-ಭೇದಿ ಆದ ಮೇಲೆ ಶುರುವಾಗಿರುತ್ತದೆ. ಸಾಲದ ಚಿಂತೆ, ನಿದ್ದೆ ಇಲ್ಲದಿರುವುದು ನೋವನ್ನು ಹೆಚ್ಚಿಸುತ್ತವೆ. ಮಿದುಳಿಗೂ ಕರುಳಿಗೂ ನರಗಳ ಸಂಬಂಧ ಐತಿ.

ಹುಡುಕೂದು ಹೆಂಗ? ನೀವೀಗ ಅಕ್ಷರ ಕಲಿತೀರಿ. ಒಂದು ವಹಿ ತಗೊಳ್ರಿ. ಎರಡು ವಾರ ದಿನಾ ಬರೀರಿ. ಏನು ಉಂಡೆ? ಯಾವಾಗ ನೋವು ಬಂತು? ಎಷ್ಟು ಸಲ ಸಂಡಾಸಕ್ಕೆ ಹೋದೆ? ಮನಸ್ಸಿನಾಗ ಏನಿತ್ತು? ಹೀಗೆ:

"ಸೋಮವಾರ. ಚಹಾ 5 ಸಲ. ಮಧ್ಯಾಹ್ನ ಊಟ ಇಲ್ಲ. ಸಂಜಿಗೆ ನೋವು."

ಈ ವಹಿ ತಗೊಂಡು ಡಾಕ್ಟರರ ಕಡೆ ಹೋಗ್ರಿ. ಅವರಿಗೆ ಕನ್ನಡ ಬರದಿದ್ದರೆ, ನೀವೇ ಓದಿ ಮರಾಠಿಯಲ್ಲಿ ಹೇಳ್ರಿ. ಅವರನ್ನು ಕೇಳಿ, ಅನುಮಾನ ಬಂದ ಒಂದು ಪದಾರ್ಥ ಎರಡು ವಾರ ಬಿಟ್ಟು ನೋಡ್ರಿ. ಫರಕು ಬೀಳದಿದ್ದರೆ ಮತ್ತೆ ಉಣ್ರಿ. ಎಲ್ಲಾ ಒಮ್ಮೆಲೆ ಬಿಟ್ಟರೆ ಶಕ್ತಿ ಕುಂದತೈತಿ. ಹೊತ್ತಿಗೆ ಸರಿಯಾಗಿ ಊಟ ಮಾಡ್ರಿ. ಚಿಂತೆಯನ್ನು ನಂಬಿಗಸ್ತರ ಮುಂದೆ ಹೇಳ್ರಿ.

ಒಂದು ಎಚ್ಚರಿಕೆ. ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, 50 ವರ್ಷ ದಾಟಿದ ಮೇಲೆ ಹೊಸದಾಗಿ ಬಂದ ನೋವು: ಇವು ಬೇರೆ ರೋಗದ ಗುರುತು ಇರಬಹುದು. ವಹಿ ತುಂಬುವ ತನಕ ಕಾಯಬ್ಯಾಡ್ರಿ. ಕೂಡಲೇ ದವಾಖಾನೆಗೆ ಹೋಗ್ರಿ.

ಉಳಿದವರು ಇವತ್ತ ಸಂಜಿಗೆ ಮೊದಲ ಸಾಲು ಬರೀರಿ.