ತೇಪೆಯ ಮಿತಿ



ಮೂರು ದಶಕಗಳ ಕಾಲ ಕನ್ನಡ ಪಾಠ ಹೇಳಿದವನು ಮೋಟಾರು ಸೈಕಲ್ಲಿನ ಪಂಕ್ಚರಿನ ಮೇಲೆ ಭಾಷಣ ಮಾಡಲು ಬಂದರೆ ನಿಮಗೆ ನಗು ಬಂದೀತು. ಓಲೆಗರಿಯಲ್ಲಿ ಹುಳು ತಿಂದ ಅಕ್ಷರಗಳನ್ನು ಊಹಿಸಿ ತುಂಬುವ ವಿದ್ಯೆಯನ್ನು ನಾನು ವಿಶ್ವವಿದ್ಯಾನಿಲಯದಲ್ಲಿ ಕಲಿತೆ. ರಬ್ಬರಿನ ತೂತು ಮುಚ್ಚುವ ವಿದ್ಯೆಯಲ್ಲಿ ಮಾತ್ರ ನನ್ನ ಗುರುಗಳು ಬೇರೆ. ಮೈಸೂರಿನ ಒಂದು ರಸ್ತೆಯಂಚಿನ ಮರಕ್ಕೆ ಹಳೆಯ ಟೈರನ್ನು ನೇತುಹಾಕಿ, ಅದನ್ನೇ ನಾಮಫಲಕ ಮಾಡಿಕೊಂಡಿದ್ದ ಹಿರಿಯರೊಬ್ಬರು ಅವರು.

ಆಗ ನಾನು ಹೊಸದಾಗಿ ಅಧ್ಯಾಪಕನಾಗಿದ್ದೆ. ಮೈಸೂರಿನ ಕಾರ್ಖಾನೆಯಲ್ಲೇ ತಯಾರಾದ ಯಜ್ಡಿ ಮೋಟಾರು ಸೈಕಲ್ಲೊಂದನ್ನು ಎರಡನೆಯ ಕೈಯಿಂದ ಕೊಂಡಿದ್ದೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಗಾಡಿಗಳ ಸದ್ದು ಮಾತ್ರ ಹಳಬರ ಕಿವಿಯಲ್ಲಿ ಇನ್ನೂ ಇದೆ.

ಗಾಳಿ ತುಂಬಿದ ಗಾಲಿಯ ಕಲ್ಪನೆ ಹಳೆಯದು. 1845ರಲ್ಲೇ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಅದಕ್ಕೆ ಪೇಟೆಂಟು ಪಡೆದಿದ್ದ. ಅದು ಬಳಕೆಗೆ ಬಾರದೆ ಮರೆತುಹೋದ ಮೇಲೆ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಮತ್ತೆ ಅದನ್ನೇ ರೂಪಿಸಿ, 1888ರಲ್ಲಿ ಲೋಕಕ್ಕೆ ಕೊಟ್ಟ. ನಮ್ಮನ್ನು ಹೊರುವುದು ಕಬ್ಬಿಣವಲ್ಲ, ಗಾಳಿ. ಆ ಗಾಳಿಯನ್ನು ಹಿಡಿದಿಡುವುದೇ ಟ್ಯೂಬಿನ ಕೆಲಸ.

ಗುರುಗಳ ಕೆಲಸವನ್ನು ನಾನು ಎಷ್ಟೋ ಸಲ ಕುಳಿತು ನೋಡಿದ್ದೇನೆ. ಗಾಲಿ ಬಿಚ್ಚಿ, ಲಿವರುಗಳಿಂದ ಟೈರಿನ ಅಂಚನ್ನು ಎಬ್ಬಿಸಿ, ಟ್ಯೂಬನ್ನು ಹೊರಗೆಳೆಯುವರು. ಗಾಳಿ ತುಂಬಿ ನೀರಿನ ಬಾನಿಯಲ್ಲಿ ತಿರುವಿದರೆ ಗುಳ್ಳೆಗಳು ತೂತಿನ ವಿಳಾಸ ಹೇಳುವುವು. ಅಲ್ಲಿ ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ ಸುಮ್ಮನೆ ಕುಳಿತುಬಿಡುವರು. ಹಸಿಯಾಗಿರುವಾಗಲೇ ತೇಪೆ ಒತ್ತಿದರೆ ಅದು ನಿಲ್ಲದು. ಬೆರಳಿಗೆ ತುಸು ಅಂಟುವಷ್ಟು ಒಣಗಬೇಕು. ಅನಂತರ ತೇಪೆ. ಆದರೆ ಅದಕ್ಕೂ ಮುಖ್ಯವಾದದ್ದು, ಟೈರಿನ ಒಳಮೈಯನ್ನು ಎಚ್ಚರದಿಂದ ಸವರಿ ಮೊಳೆಯನ್ನೋ ಜಾಲಿಮುಳ್ಳನ್ನೋ ಹುಡುಕುವುದು. “ಮುಳ್ಳು ಒಳಗೇ ಇದ್ರೆ ತೇಪೆ ಯಾತಕ್ಕೆ ಮೇಷ್ಟ್ರೇ?” ಎನ್ನುವರು.

ನನ್ನ ಟ್ಯೂಬಿನಲ್ಲಿ ಏಳು ತೇಪೆಗಳಾದ ದಿನ ಅವರು ಕೈಯೊರೆಸಿಕೊಂಡು ಹೇಳಿದರು: “ಇನ್ನು ಇದು ಬೇಡಿ. ಟೈರೂ ಸವೆದು ಒಳಗಿನ ನೂಲು ಕಾಣ್ತಾ ಇದೆ. ತೇಪೆ ಹಾಕಿದ್ರೆ ನನಗೆ ಲಾಭ, ಹೊಸದು ಹಾಕ್ಸಿದ್ರೆ ನಿಮಗೆ ಲಾಭ.” ನಾನು ನಕ್ಕು, ಮುಂದಿನ ಸಂಬಳಕ್ಕೆ ನೋಡೋಣ ಎಂದೆ. ಸಂಬಳ ಬಂತು, ಆ ಹಣದಲ್ಲಿ ನಿಘಂಟಿನ ಸಂಪುಟ ಕೊಂಡೆ.

1988ರ ಬೇಸಿಗೆ. ಹುಣಸೂರಿನಲ್ಲಿ ಮದುವೆ ಮುಗಿಸಿಕೊಂಡು ನಾನೂ ನನ್ನ ಮನೆಯವರೂ ಮೈಸೂರಿಗೆ ಹಿಂದಿರುಗುತ್ತಿದ್ದೆವು. ಬಿಳಿಕೆರೆ ದಾಟಿದ ಮೇಲೆ ಹಿಂದಿನ ಟೈರು ಸಿಡಿಯಿತು. ವೇಗ ಮೆಲ್ಲನೆ ಇಳಿಸಿ ಗಾಡಿಯನ್ನು ನೇರವಾಗಿ ಹಿಡಿಯಬೇಕಿತ್ತು. ಗಾಬರಿಯಲ್ಲಿ ನಾನು ಬ್ರೇಕನ್ನು ಒತ್ತಿಬಿಟ್ಟೆ. ಇಬ್ಬರೂ ಬಿದ್ದೆವು. ನನಗೆ ಮೊಣಕಾಲು ತರಚಿತು. ಆಕೆಯ ಬಲಗೈಯ ಮಣಿಕಟ್ಟು ಮುರಿಯಿತು. ಕೈಗೆ ಕಟ್ಟು ಹಾಕಿಸಿಕೊಂಡು ಹೊರಬಂದಾಗ ಆಕೆ ಬೈಯಲಿಲ್ಲ, “ಎಷ್ಟು ಉಳಿಯಿತು?” ಎಂದಷ್ಟೇ ಕೇಳಿದಳು. ಚಳಿಗಾಲದಲ್ಲಿ ಇಂದಿಗೂ ಆಕೆ ಕಾಫಿಯ ಲೋಟವನ್ನು ಎಡಗೈಯಲ್ಲಿ ಹಿಡಿಯುತ್ತಾಳೆ. ಆ ಪ್ರಶ್ನೆಗೆ ನಾನು ಇನ್ನೂ ಉತ್ತರ ಹೇಳಿಲ್ಲ.

ಆದುದರಿಂದ ಈ ನಾಲ್ಕು ಮಾತು. ಸಣ್ಣ ತೂತಿಗೆ ತೇಪೆ ಸಾಕು. ಟ್ಯೂಬು ಉದ್ದಕ್ಕೆ ಸೀಳಿದ್ದರೆ, ವಾಲ್ವಿನ ಬುಡದಲ್ಲಿ ಹರಿದಿದ್ದರೆ, ತೇಪೆಯ ಮೇಲೆ ತೇಪೆ ಬೀಳುತ್ತಿದ್ದರೆ ಟ್ಯೂಬನ್ನೇ ಬದಲಿಸಬೇಕು. ನೂಲು ಕಂಡ ಟೈರು ಒಂದು ದಿನವೂ ಬೇಡ. ಈಗಿನ ಹಲವು ಗಾಡಿಗಳಿಗೆ ಟ್ಯೂಬೇ ಇಲ್ಲ. ಮೊಳೆ ಹೊಕ್ಕರೂ ಗಾಳಿ ಮೆಲ್ಲಗೆ ಇಳಿಯುವುದರಿಂದ ಸವಾರನಿಗೆ ಸಾವಕಾಶ ದೊರೆಯುತ್ತದೆ. ಅಲ್ಲಿಯೂ ರಬ್ಬರಿನ ಬತ್ತಿ ತುರುಕುವುದು ನೆಲಕ್ಕೆ ತಾಗುವ ಭಾಗದ ಸಣ್ಣ ತೂತಿಗೆ ಮಾತ್ರ. ಪಕ್ಕದ ಗೋಡೆ ಹರಿದರೆ ಟೈರನ್ನೇ ಬದಲಿಸಬೇಕು. ಕೊಳ್ಳುವಾಗ ಟೈರಿನ ಮೇಲಿನ ನಾಲ್ಕು ಅಂಕಿಗಳನ್ನು ಓದಿ: 2324 ಎಂದಿದ್ದರೆ ಅದು 2024ರ ಇಪ್ಪತ್ಮೂರನೆಯ ವಾರದಲ್ಲಿ ಹುಟ್ಟಿದ್ದು.

ಮಿತವ್ಯಯ ಒಳ್ಳೆಯ ಗುಣ. ಆದರೆ ಹಿಂದಿನ ಆಸನದಲ್ಲಿ ನಮ್ಮನ್ನು ನಂಬಿ ಒಬ್ಬರು ಕುಳಿತಿರುವಾಗ, ಉಳಿತಾಯದ ಲೆಕ್ಕವನ್ನು ನಾವೊಬ್ಬರೇ ಬರೆಯುವಂತಿಲ್ಲ.